ದೇಶದ ತಂಡ ಬಲವೋ, ಕ್ಲಬ್ ಬಲವೋ?

ಪಾಂಡವಪುರದ ಕುಂತಿಬೆಟ್ಟದಲ್ಲಿ ಪಾಂಡವರು ವನವಾಸ ಕಾಲದಲ್ಲಿ ತಂಗಿದ್ದರೆಂಬ ಐತಿಹ್ಯ ಮಂಡ್ಯ ಜಿಲ್ಲೆಯವರಿಗೆಲ್ಲ ಗೊತ್ತು. ಭಾರತದ ಫುಟ್‌ಬಾಲ್ ಚರಿತ್ರೆಯಲ್ಲೂ ಪಂಚಪಾಂಡವರಿದ್ದಾರೆ. ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ಮುಂಪಡೆಯಲ್ಲಿ 1949ರಿಂದ ಕೆಲವು ವರ್ಷ ಜೊತೆಯಾಗಿ ಆಡಿದ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅಹಮದ್ ಖಾನ್ ಅವರನ್ನು ಅಭಿಮಾನಿಗಳು ಕರೆದದ್ದು ಹಾಗೆಯೇ. ಇವರಲ್ಲಿ ಅಹಮದ್ ಖಾನ್ ನಮ್ಮ ಬೆಂಗಳೂರಿನವರು.

ಒಂದು ದೇಶದ ತಂಡಕ್ಕೂ ಒಳ್ಳೆಯ ಕ್ಲಬ್ಬಿಗೂ ಪಂದ್ಯ ನಡೆದರೆ ಗೆಲ್ಲುವವರು ಯಾರು? ಫುಟ್‌ಬಾಲ್ ಪ್ರಿಯರ ಈ ಹಳೆಯ ವಾದಕ್ಕೆ ಪಾಂಡವರ ಕಥೆಯಲ್ಲೇ ಉತ್ತರವಿದೆ.

ಐವರೂ ಒಂದುಗೂಡುವ ಮೊದಲೇ, 1948ರಲ್ಲಿ, ಲಂಡನ್ ಒಲಿಂಪಿಕ್ಸ್‌ಗೆ ಹೊರಟಿದ್ದ ಚೀನಾ ತಂಡವನ್ನು ಈಸ್ಟ್ ಬೆಂಗಾಲ್ 2–0ಯಿಂದ ಸೋಲಿಸಿತ್ತು. ಐವರೂ ಸೇರಿದ ಮೇಲೆ 1949ರಿಂದ 1951ರವರೆಗೆ ಸತತ ಮೂರು ಸಲ ಐಎಫ್‌ಎ ಷೀಲ್ಡ್ ಅದರದಾಯಿತು. ವಾರವಾರವೂ ಒಟ್ಟಿಗೆ ಆಡುವವರಿಗೆ ಜೊತೆಗಾರ ಯಾವ ಕಡೆ ಓಡುತ್ತಾನೆಂದು ತಿರುಗಿ ನೋಡಬೇಕಿಲ್ಲ.

ದೇಶದ ತಂಡಕ್ಕೆ ಈ ಅನುಕೂಲವಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯಾಕ್ಕೆ 10–1ರಿಂದ ಸೋತಿತು. ಆ ಒಂದು ಗೋಲು ಹೊಡೆದವರು ಅಹಮದ್ ಖಾನ್. ಚಳಿ, ಬರಿಗಾಲು, ಎದುರಾಳಿಯ ಬಲ ಎಲ್ಲವೂ ಸೋಲಿಗೆ ಕಾರಣವೇ. ಆದರೆ ಕ್ಲಬ್ಬಿನಲ್ಲಿ ಅವರ ಸುತ್ತ ಇದ್ದ ಪಾಂಡವರು ಐವರೂ ಅಲ್ಲಿರಲಿಲ್ಲ ಎಂಬುದನ್ನೂ ಮರೆಯಬಾರದು.

ಅದೇ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದದ್ದು ಹಂಗೇರಿ. ಅಲ್ಲಿನ ಸರ್ಕಾರ ಪುಸ್ಕಾಸ್, ಬೊಜಿಕ್, ಕೊಚಿಸ್ ಮುಂತಾದವರನ್ನು ಸೇನೆಯ ಕ್ಲಬ್ ಹೊನ್ವೆಡ್‌ನಲ್ಲಿ ಕಲೆಹಾಕಿತ್ತು. 1953ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6–3ರಿಂದ ಮಣಿಸಿದ ಹನ್ನೊಂದು ಮಂದಿಯಲ್ಲಿ ಅರ್ಧಕ್ಕೂ ಹೆಚ್ಚು ಜನ ಈ ಒಂದೇ ಕ್ಲಬ್ಬಿನವರು. 2010ರಲ್ಲಿ ಸ್ಪೇನ್ ವಿಶ್ವಕಪ್ ಗೆದ್ದದ್ದೂ ಬಾರ್ಸಿಲೋನಾದ ಆಟಗಾರರ ಬೆನ್ನಿನ ಮೇಲೆಯೇ.

ಭಾರತದಲ್ಲಿ ಈ ಗುಟ್ಟು ತಿಳಿದಿದ್ದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಅವರು ತರಬೇತಿ ನೀಡಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತು. ದೇಶದ ತಂಡವನ್ನು ಕಟ್ಟಿದವರೂ ಅವರೇ. ಬೆಂಗಳೂರಿನ ಕೆಂಪಯ್ಯ ಇದ್ದ ತಂಡ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಚಿನ್ನ ತಂದಿತು. ಆ ತಂಡದ ಚುನಿ ಗೋಸ್ವಾಮಿ, ಜರ್ನೈಲ್ ಸಿಂಗ್ ಮತ್ತು ಬೆಂಗಳೂರಿನ ಅರುಮೈನಾಯಗಂ ಮೂವರೂ ಮೋಹನ್ ಬಾಗಾನ್ ಕ್ಲಬ್ಬಿನವರು.

ಈಗ ಕ್ಲಬ್ಬುಗಳಿಗೆ ಇನ್ನೊಂದು ಬಲ ಸೇರಿದೆ, ಹಣ. 2013ರಲ್ಲಿ ಆರಂಭವಾದ ಬೆಂಗಳೂರು ಎಫ್‌ಸಿ 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ಬಿಗೆ 1–0ಯಿಂದ ಸೋತಿತೆಂಬುದು ಬೇರೆ ಮಾತು. ಆಗ ಸುನಿಲ್ ಛೆಟ್ರಿ ಕ್ಲಬ್ಬಿಗೂ ದೇಶಕ್ಕೂ ಆಡುತ್ತಿದ್ದರು. ಕ್ಲಬ್ಬಿನಲ್ಲಿ ಅವರ ಹಿಂದೆ ಇಂಗ್ಲೆಂಡ್, ಸ್ಪೇನ್ ದೇಶಗಳಿಂದ ತಂದ ಆಟಗಾರರಿದ್ದರು. ಕೊರತೆಯಿರುವ ಸ್ಥಾನಕ್ಕೆ ಕ್ಲಬ್ ಹೊರಗಿನವರನ್ನು ಕೊಳ್ಳಬಹುದು, ದೇಶ ತನ್ನವರನ್ನೇ ಬೆಳೆಸಬೇಕು.

ಅಹಮದ್ ಖಾನ್, ಕೆಂಪಯ್ಯ, ಅರುಮೈನಾಯಗಂ ಮೂವರೂ ಹೆಸರು ಮಾಡಲು ಕಲ್ಕತ್ತಕ್ಕೆ ಹೋಗಬೇಕಾಯಿತು. ಪ್ರತಿಭೆ ನಮ್ಮಲ್ಲಿತ್ತು, ಅದನ್ನು ಹಿಡಿದಿಡುವ ದೊಡ್ಡ ಕ್ಲಬ್ ಆಗ ನಮ್ಮಲ್ಲಿರಲಿಲ್ಲ. ಒಳ್ಳೆಯ ಕ್ಲಬ್ಬುಗಳಿಲ್ಲದೆ ಬಲವಾದ ದೇಶದ ತಂಡವಿಲ್ಲ. ಪಾಂಡವರು ಐವರು ಬೇರೆ ಬೇರೆಯಾಗಿಯೂ ವೀರರೇ, ಆದರೆ ಯುದ್ಧ ಗೆದ್ದದ್ದು ಒಟ್ಟಿಗೆ ನಿಂತಾಗ.