ಬೆನ್ನುಹುರಿಯ ಸುತ್ತ ರಕ್ತಸ್ರಾವ

ವಾರ್ಫರಿನ್, ಅಸಿಟ್ರೋಮ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳ ಅಪರೂಪದ ತೊಡಕು. ಒಸರಿದ ರಕ್ತಕ್ಕೆ ಬೆನ್ನೆಲುಬಿನ ಕೊಳವೆಯೊಳಗೆ ಹರಡಲು ಜಾಗವಿಲ್ಲದೆ ಅದು ಬೆನ್ನುಹುರಿಯನ್ನೇ ಅದುಮುತ್ತದೆ. ಹಠಾತ್ ಬೆನ್ನುನೋವಿನ ಹಿಂದೆಯೇ ಕಾಲು ಸೋಲುತ್ತದೆ, ಮೂತ್ರ ಕಟ್ಟುತ್ತದೆ. ಇಷ್ಟು ವಿರಳವಾದುದನ್ನು ಹೇಳಿ ಹೆದರಿಸಿದರೆ ರೋಗಿ ಮಾತ್ರೆ ಬಿಟ್ಟು ಪಾರ್ಶ್ವವಾಯುವಿಗೆ ತುತ್ತಾದಾನು ಎಂಬ ಆಕ್ಷೇಪವಿದೆ. ಅದು ನಿಜವೇ, ಹೃದಯಕ್ಕೆ ಕೃತಕ ಕವಾಟ ಹಾಕಿಸಿಕೊಂಡವರು ತಾವಾಗಿ ಮಾತ್ರೆ ನಿಲ್ಲಿಸುವುದು ಇನ್ನೂ ದೊಡ್ಡ ಅಪಾಯ. ಆದರೆ ಇಲ್ಲಿ ಎಚ್ಚರಿಸಬೇಕಾದದ್ದು ಮಾತ್ರೆಯ ಬಗ್ಗೆಯಲ್ಲ, ಕಳೆದುಹೋಗುವ ಗಂಟೆಗಳ ಬಗ್ಗೆ: ಲಕ್ಷಣ ಕಾಣಿಸಿದ ಸುಮಾರು 12 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದವರು ಹೆಚ್ಚು ಚೇತರಿಸಿಕೊಳ್ಳುತ್ತಾರೆ. ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನ ನಂದಿದುರ್ಗದಲ್ಲಾಗಲಿ ಬಂಗಾರಪೇಟೆಯಲ್ಲಾಗಲಿ ದುಡಿದ ಬೆನ್ನಿನ ನೋವಿಗೆ ಮುಲಾಮು ಹಚ್ಚಿ ಬೆಳಗಿನವರೆಗೆ ಕಾಯುವುದು ಸಹಜ; ಆದರೆ ಇಂಥ ಶಸ್ತ್ರಚಿಕಿತ್ಸೆ ಮಾಡುವ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ಕೆಜಿಎಫ್‌ನಿಂದ ಸುಮಾರು 100 ಕಿ.ಮೀ. ದೂರ. ಎಂಆರ್‌ಐ ಈ ರಕ್ತಸ್ರಾವವನ್ನು ಖಚಿತಪಡಿಸುತ್ತದೆ. ವಾರ್ಫರಿನ್‌ನ ಪ್ರಭಾವವನ್ನು ವಿಟಮಿನ್ ಕೆ ಮತ್ತು ರಕ್ತ ಹೆಪ್ಪುಗಟ್ಟಿಸುವ ಅಂಶಗಳಿಂದ ತಗ್ಗಿಸಿ, ಶಸ್ತ್ರಚಿಕಿತ್ಸೆಯಿಂದ ಬೆನ್ನುಹುರಿಯ ಮೇಲಿನ ಒತ್ತಡ ಬಿಡಿಸುತ್ತಾರೆ.