ಹೂವು ತೋರಿಸಿದವರ ಕಥೆ

ಮಾರ್ಚ್ ಬಂತು ಅಂದ್ರೆ ಕ್ಯಾಲಿಫೋರ್ನಿಯಾದಲ್ಲಿರೋ ನಮ್ಮವರ ವಾಟ್ಸಾಪ್ ಗ್ರೂಪುಗಳ ತುಂಬಾ ಒಂದೇ ಥರದ ಫೋಟೋ. ಕಿತ್ತಳೆ ಬಣ್ಣ ಚೆಲ್ಲಿದ ಹಾಗಿರೋ ಗುಡ್ಡ, ಅದರ ಮುಂದೆ ಸಾಲಾಗಿ ನಿಂತ ಇಡೀ ಸಂಸಾರ. ಅದು ಪಾಪಿ ಹೂವು. ಹೆಸರು ಮಾತ್ರ ಪಾಪಿ, ಹೂವು ತೀರಾ ಪಾಪದ್ದು. ಬಿಸಿಲು ಬಿದ್ದರೆ ಅರಳುತ್ತೆ, ಚಳಿಗಾಳಿ ಬೀಸಿದರೆ ಮುದುಡಿಕೊಳ್ಳುತ್ತೆ. 1903ರಿಂದ ಅದು ಆ ರಾಜ್ಯದ ಅಧಿಕೃತ ಹೂವು. ಲ್ಯಾಂಕಾಸ್ಟರ್ ಹತ್ತಿರದ ಆಂಟಿಲೋಪ್ ವ್ಯಾಲಿಯಲ್ಲಿ ಈ ಹೂವಿಗೋಸ್ಕರವೇ ಸರ್ಕಾರ ಒಂದು ಸಂರಕ್ಷಿತ ಜಾಗ ಇಟ್ಟಿದೆ.

ಇಂಥ ಜಾಗಗಳನ್ನೆಲ್ಲ ನೋಡಿಕೊಳ್ಳೋದು ಅಲ್ಲಿನ ಸ್ಟೇಟ್ ಪಾರ್ಕ್ ಇಲಾಖೆ. ಯೊಸೆಮಿಟಿಯಂಥ ನ್ಯಾಷನಲ್ ಪಾರ್ಕುಗಳು ಕೇಂದ್ರ ಸರ್ಕಾರದವು, ಇವು ರಾಜ್ಯದವು. ಕಡಲತೀರ, ಮರುಭೂಮಿ, ಕೋಟೆ, ಕಾಡು ಎಲ್ಲಾ ಸೇರಿ ಸುಮಾರು 280 ತಾಣಗಳು. ವಸಂತ ಬಂದರೆ ಅಲ್ಲೆಲ್ಲ ಕಾರ್ಯಕ್ರಮಗಳ ಸುಗ್ಗಿ. ಬೆಳಗ್ಗೆ ಹಕ್ಕಿ ನೋಡೋ ನಡಿಗೆ, ಹೂವು ಗುರುತಿಸೋ ನಡಿಗೆ, 7ರಿಂದ 12 ವರ್ಷದ ಮಕ್ಕಳಿಗೆ ಜೂನಿಯರ್ ರೇಂಜರ್ ಪಾಠ, ಸಂಜೆ ಬೆಂಕಿ ಸುತ್ತ ಕೂತು ಕಥೆ. ಏಪ್ರಿಲ್‌ನಲ್ಲಿ ಭೂದಿನದ ಆಸುಪಾಸು ಊರವರೆಲ್ಲ ಸೇರಿ ಕಸ ಹೆಕ್ಕೋದು, ಗಿಡ ನೆಡೋದು. ಪಾರ್ಕಿಂಗ್ ದುಡ್ಡು ಬಿಟ್ಟರೆ ಹೆಚ್ಚಿನವು ಉಚಿತ.

ಹಳ್ಳಿಯಲ್ಲಿ ಬೆಳೆದ ನನ್ನಂಥವರಿಗೆ ಇದು ಮೊದಮೊದಲು ವಿಚಿತ್ರ ಅನ್ನಿಸುತ್ತೆ. ಕಾಡಲ್ಲಿ ನಡೆಯೋಕೂ ಒಬ್ಬ ಗೈಡ್ ಬೇಕಾ? ಸೊಪ್ಪು ಕೊಯ್ಯೋಕೆ ಅಜ್ಜಿ ಹಿಂದೆ ಹೋದರೆ ಆಯ್ತಪ್ಪ, ಯಾವ ಗಿಡ ತಿನ್ನಬಹುದು, ಯಾವುದನ್ನ ಮುಟ್ಟಬಾರದು ಅಂತ ತಾನಾಗೇ ಗೊತ್ತಾಗುತ್ತಿತ್ತು. ಆದರೆ ಅಜ್ಜಿಯಿಂದ ದೂರ ಬಂದವರಿಗೆ ಯಾರಾದರೂ ತೋರಿಸಿಕೊಡಲೇಬೇಕು. ಅಮೆರಿಕದಲ್ಲಿ ಆ 'ತೋರಿಸಿಕೊಡೋ' ಕೆಲಸ ಹೇಗೆ ಶುರುವಾಯ್ತು ಅನ್ನೋದೇ ಒಂದು ಕಥೆ. ಅರ್ಧದವರೆಗೆ ಚೆನ್ನಾಗೇ ಇರುತ್ತೆ.

ಸ್ಯಾಕ್ರಮೆಂಟೊದಲ್ಲಿ ಚಾರ್ಲ್ಸ್ ಗೆಥೆ ಅಂತ ಒಬ್ಬ ಶ್ರೀಮಂತನಿದ್ದ. ಬ್ಯಾಂಕು ಮತ್ತು ಜಮೀನಿನ ವ್ಯವಹಾರ. ಯೂರೋಪ್ ಪ್ರವಾಸ ಹೋದಾಗ ಅಲ್ಲಿ ಮೇಷ್ಟ್ರುಗಳು ಶಾಲೆಯ ಮಕ್ಕಳನ್ನ ಬೆಟ್ಟಕ್ಕೆ ಕರೆದೊಯ್ದು ಗಿಡ, ಹಕ್ಕಿ ತೋರಿಸೋದನ್ನ ಗಂಡ ಹೆಂಡತಿ ಇಬ್ಬರೂ ನೋಡಿದರು. ನಮ್ಮಲ್ಲೂ ಇದು ಬೇಕು ಅಂತ ತಮ್ಮ ದುಡ್ಡನ್ನೇ ಹಾಕಿದರು. 1919ರ ಬೇಸಿಗೆಯಲ್ಲಿ ಲೇಕ್ ಟಾಹೋ ಪ್ರದೇಶದ ರೆಸಾರ್ಟುಗಳಲ್ಲಿ ಪ್ರಯೋಗ ನಡೆಯಿತು. ನಡೆಸಿದವರು ಇಬ್ಬರು ವಿಜ್ಞಾನಿಗಳು, ಹೆರಾಲ್ಡ್ ಬ್ರಯಂಟ್ ಮತ್ತು ಲಾಯ್ ಮಿಲ್ಲರ್. ಮಿಲ್ಲರ್ ಹಕ್ಕಿಗಳ ಕೂಗನ್ನ ಹಾಗೇ ಅನುಕರಿಸಬಲ್ಲವರಾಗಿದ್ದರು. ಜನ ಮುಗಿಬಿದ್ದರು. ಅದೇ ಸಮಯಕ್ಕೆ ಅಲ್ಲಿಗೆ ಬಂದ ನ್ಯಾಷನಲ್ ಪಾರ್ಕ್ ಇಲಾಖೆಯ ಮುಖ್ಯಸ್ಥ ಸ್ಟೀಫನ್ ಮ್ಯಾದರ್ ಈ ಜನಜಂಗುಳಿ ನೋಡಿ, ಇಬ್ಬರನ್ನೂ ಯೊಸೆಮಿಟಿಗೆ ಕರೆದರು. 1920ರಲ್ಲಿ ಅಲ್ಲಿ ಉಚಿತ ಗೈಡ್ ಸೇವೆ ಶುರುವಾಯ್ತು. 1925ರಲ್ಲಿ ಬ್ರಯಂಟ್ ಗೈಡ್‌ಗಳನ್ನ ತಯಾರು ಮಾಡೋ ಶಾಲೆಯನ್ನೇ ತೆರೆದರು. ಮುಂದೆ ಇದೇ ಪದ್ಧತಿ ರಾಜ್ಯದ ಪಾರ್ಕುಗಳಿಗೂ ಹಬ್ಬಿತು.

ಇನ್ನೊಂದು ಕಡೆ ಮರ ಉಳಿಸೋ ಕೆಲಸ ನಡೀತಿತ್ತು. ಕ್ಯಾಲಿಫೋರ್ನಿಯಾದ ಉತ್ತರ ಕರಾವಳಿಯ ರೆಡ್‌ವುಡ್ ಮರಗಳು ಜಗತ್ತಿನಲ್ಲೇ ಅತಿ ಎತ್ತರದವು, ಕೆಲವಕ್ಕೆ ಎರಡು ಸಾವಿರ ವರ್ಷ ವಯಸ್ಸು. ಗರಗಸಗಳು ಅವನ್ನ ಮುಗಿಸ್ತಾ ಬರ್ತಿದ್ದಾಗ, 1918ರಲ್ಲಿ 'ಸೇವ್ ದಿ ರೆಡ್‌ವುಡ್ಸ್ ಲೀಗ್' ಹುಟ್ಟಿತು. 1928ರಲ್ಲಿ ಪಾರ್ಕುಗಳಿಗೋಸ್ಕರ 60 ಲಕ್ಷ ಡಾಲರ್ ಸಾಲ ಎತ್ತೋಣವೇ ಅಂತ ರಾಜ್ಯದ ಮತದಾರರನ್ನ ಕೇಳಿದಾಗ, ಬೇಡ ಅಂದವರಿಗಿಂತ ಹೆಚ್ಚೂಕಡಿಮೆ ಮೂರು ಪಟ್ಟು ಜನ ಬೇಕು ಅಂದರು. ಸರ್ಕಾರ ಎಷ್ಟು ಕೊಡುತ್ತೋ ಅಷ್ಟನ್ನ ದಾನಿಗಳಿಂದಲೂ ತರಬೇಕು ಅನ್ನೋ ಷರತ್ತು ಬೇರೆ. ಇವತ್ತು ನಾವು ಕತ್ತೆತ್ತಿ ನೋಡೋ ಎಷ್ಟೋ ಮರ ಉಳಿದಿರೋದು ಆ ದುಡ್ಡಿನಿಂದ.

ಇನ್ನು ಉಳಿದರ್ಧ.

ಆ ಲೀಗ್ ಕಟ್ಟಿದ ಮೂವರಲ್ಲಿ ಒಬ್ಬ ಮ್ಯಾಡಿಸನ್ ಗ್ರಾಂಟ್. ಉತ್ತರ ಯೂರೋಪಿನ ಬಿಳಿಯರದೇ ಶ್ರೇಷ್ಠ ಜನಾಂಗ, ವಲಸಿಗರು ಬಂದು ಅದನ್ನ ಕೆಡಿಸ್ತಿದ್ದಾರೆ ಅಂತ 1916ರಲ್ಲಿ ಪುಸ್ತಕ ಬರೆದವನು. ಅಮೆರಿಕದ 1924ರ ವಲಸೆ ಕಾಯ್ದೆಗೆ ವಾದ ಒದಗಿಸಿದವರಲ್ಲಿ ಅವನೂ ಒಬ್ಬ. ಹೂವು ತೋರಿಸೋಕೆ ದುಡ್ಡು ಕೊಟ್ಟ ಗೆಥೆಯೂ ಅದೇ ದಾರಿಯವನು. ಮೆಕ್ಸಿಕೊ, ಏಷ್ಯಾದ ಜನ ಬರಬಾರದು ಅಂತ ಸಂಘ ಕಟ್ಟಿದ. 'ಕೀಳು' ಅನ್ನಿಸಿಕೊಂಡವರಿಗೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಬೇಕು ಅಂತ ಪ್ರಚಾರ ಮಾಡಿದ, ನಾಜಿಗಳ ಅಂಥ ಕಾನೂನನ್ನ ಹೊಗಳಿದ. ಇದು ಬರೀ ಬಾಯಿಮಾತಾಗಿ ಉಳಿಯಲಿಲ್ಲ. 1909ರ ಕಾನೂನಿನಡಿ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 20,000 ಜನರಿಗೆ ಇಂಥ ಆಪರೇಷನ್ ಆಯಿತು. ಆ ಕಾನೂನು ರದ್ದಾಗಿದ್ದು 1979ರಲ್ಲಿ.

ಮರವನ್ನ ಅಷ್ಟು ಪ್ರೀತಿಸೋನು ಮನುಷ್ಯನನ್ನ ಹೇಗೆ ಹೀಗೆ ನೋಡ್ತಾನೆ? ಕನ್ನಡದವರಿಗೆ ಇದು ಬೇಗ ಅರ್ಥವಾಗಬೇಕು. ನಮ್ಮಲ್ಲಿ ಮರಕ್ಕೂ 'ಜಾತಿ', ಮನುಷ್ಯನಿಗೂ 'ಜಾತಿ', ಎರಡಕ್ಕೂ ಒಂದೇ ಪದ. ಗ್ರಾಂಟ್ ತಲೆಯಲ್ಲೂ ಎರಡೂ ಒಂದೇ ಆಗಿತ್ತು. ರೆಡ್‌ವುಡ್ ಪ್ರಾಚೀನ, ಎತ್ತರ, ಶ್ರೇಷ್ಠ, ಅಳಿವಿನಂಚಿನಲ್ಲಿದೆ. ತನ್ನ ಜನಾಂಗವೂ ಹಾಗೇ ಅಂದುಕೊಂಡ. ಕಾಡಿಗೆ ಬೇಲಿ ಹಾಕಿದ ಕೈಯೇ ದೇಶಕ್ಕೂ ಬೇಲಿ ಹಾಕಿತು.

ಆ ಬೇಲಿಯ ಹೊರಗೆ ಇದ್ದವರು ನಾವು. 1917ರ ಕಾಯ್ದೆ ಭಾರತದಿಂದ ವಲಸೆಯನ್ನ ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 'ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ' ಅಂತ ತೀರ್ಪು ಕೊಟ್ಟಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಂಗಡಿ ನಡೆಸ್ತಿದ್ದ ವೈಷ್ಣೋ ದಾಸ್ ಬಾಗೈ ಅಷ್ಟು ಹೊತ್ತಿಗೆ ಅಮೆರಿಕದ ಪ್ರಜೆ ಆಗಿದ್ದರು. ಅವರ ಪೌರತ್ವವನ್ನ ಕಿತ್ತುಕೊಂಡರು. ಊರಿಗೆ ಹೋಗಿಬರೋಕೆ ಪಾಸ್‌ಪೋರ್ಟ್ ಕೇಳಿದರೆ ಬ್ರಿಟಿಷ್ ಪ್ರಜೆಯಾಗಿ ತಗೊಳ್ಳಿ ಅಂದರು. ಬ್ರಿಟಿಷರ ಆಳ್ವಿಕೆ ಬೇಡ ಅಂತಲೇ ದೇಶ ಬಿಟ್ಟು ಬಂದಿದ್ದ ಮನುಷ್ಯ. 1928ರಲ್ಲಿ ಬಾಗೈ ತಮ್ಮ ಜೀವ ತಾವೇ ಕಳೆದುಕೊಂಡರು. ಆ ರಾಜ್ಯದ ಜನ ಮರಗಳಿಗೋಸ್ಕರ ಕೈಬಿಚ್ಚಿ ಮತ ಹಾಕಿದ್ದೂ ಅದೇ ವರ್ಷ.

ಬೇಲಿಯ ಒಳಗೇ ಇದ್ದು ಹೊರಗಾದವರು ಮೂಲನಿವಾಸಿಗಳು. ಹೂವಿನ ಬಯಲು, ಹುಲ್ಲುಗಾವಲು ಅಂತ ನಾವು ಯಾವುದನ್ನ 'ಸಹಜ ಪ್ರಕೃತಿ' ಅಂತೀವೋ, ಅದರ ಎಷ್ಟೋ ಭಾಗ ಅವರು ಕಾಲಕಾಲಕ್ಕೆ ಹದವಾಗಿ ಬೆಂಕಿ ಕೊಟ್ಟು ಉಳಿಸಿಕೊಂಡಿದ್ದು. ಬೆಂಕಿ ಬಿದ್ದರೆ ಪೊದೆ ಸಾಯುತ್ತೆ, ಬೂದಿ ಗೊಬ್ಬರವಾಗುತ್ತೆ, ಹುಲ್ಲು, ಗೆಡ್ಡೆ, ಹೂವಿಗೆ ಬಿಸಿಲು ಸಿಗುತ್ತೆ. 1850ರಲ್ಲಿ ಕ್ಯಾಲಿಫೋರ್ನಿಯಾ ಮಾಡಿದ 'ಇಂಡಿಯನ್ನರ ರಕ್ಷಣೆ'ಯ ಕಾನೂನು ಅವರನ್ನ ಜೀತಕ್ಕೆ ಹಚ್ಚೋಕೆ ದಾರಿ ಮಾಡಿತು, ಬಯಲಿಗೆ ಬೆಂಕಿ ಹಾಕಿದರೆ ದಂಡ ಅಂತಲೂ ಬರೆಯಿತು. ಹೆಸರು ನೋಡಿ, ರಕ್ಷಣೆ!

ಹಾಗಾದ್ರೆ ಈ ನಡಿಗೆಗಳಿಗೆಲ್ಲ ಹೋಗಬಾರದಾ? ನನ್ನ ಪ್ರಕಾರ ಹೋಗಲೇಬೇಕು. ಯಾಕಂದ್ರೆ ದುಡ್ಡು ಕೊಟ್ಟವನು ಏನೇ ನಂಬಿದ್ದರೂ, ಈ ಕೆಲಸ ಮಾಡಿದ ಸಾವಿರಾರು ಕೈ ಬೇರೆಯವು. ಹ್ಯಾರಿಯೆಟ್ ವೀವರ್ ಅನ್ನೋ ಶಾಲಾ ಟೀಚರ್ 1929ರಿಂದ ಬೇಸಿಗೆ ರಜೆಗಳಲ್ಲಿ ರೆಡ್‌ವುಡ್ ಪಾರ್ಕುಗಳಲ್ಲಿ ಕೆಲಸ ಮಾಡುತ್ತಾ, ಬೆಂಕಿ ಸುತ್ತ ಜನರನ್ನ ಕೂರಿಸಿ ಹಾಡು ಕಥೆ ನಡೆಸಿದರು. ಆ ಇಲಾಖೆಯ ಮೊದಲ ಮಹಿಳಾ ರೇಂಜರ್ ಅಂತ ಅವರನ್ನೇ ನೆನೆಯುತ್ತಾರೆ. ಇವತ್ತು ಹೆಚ್ಚಿನ ನಡಿಗೆ ನಡೆಸೋರು ಡೋಸೆಂಟ್‌ಗಳು, ಅಂದರೆ ತರಬೇತಿ ಪಡೆದ ಸ್ವಯಂಸೇವಕರು. ನಿವೃತ್ತ ಮೇಷ್ಟ್ರು, ನರ್ಸು, ವಾರಪೂರ್ತಿ ಕೋಡ್ ಬರೆದು ಶನಿವಾರ ಟೋಪಿ ಹಾಕೋ ಇಂಜಿನಿಯರ್, ಯಾರಾದ್ರೂ ಆಗಬಹುದು.

ಇತಿಹಾಸವನ್ನೂ ತಿದ್ದಿ ಬರೆಯೋ ಕೆಲಸ ನಡೀತಿದೆ. ಸ್ಯಾಕ್ರಮೆಂಟೊದಲ್ಲಿ ಗೆಥೆ ಹೆಸರಿನ ಶಾಲೆ 2007ರಲ್ಲಿ ರೋಸಾ ಪಾರ್ಕ್ಸ್ ಶಾಲೆಯಾಯ್ತು. ಪ್ರೇರಿ ಕ್ರೀಕ್ ಸ್ಟೇಟ್ ಪಾರ್ಕಿನಲ್ಲಿ 1948ರಿಂದ ಇದ್ದ ಗ್ರಾಂಟ್ ಸ್ಮಾರಕವನ್ನ 2021ರಲ್ಲಿ ತೆಗೆದರು. ಅದೇ ವರ್ಷ 'ಪ್ಯಾಟ್ರಿಕ್ಸ್ ಪಾಯಿಂಟ್' ಪಾರ್ಕಿಗೆ ಯುರೋಕ್ ಜನ ಕರೀತಿದ್ದ 'ಸೂಮೆಗ್' ಅನ್ನೋ ಹೆಸರು ವಾಪಸ್ ಬಂತು. ಮರ ಒಂದೂ ಕಮ್ಮಿಯಾಗಲಿಲ್ಲ, ಹೇಳೋ ಕಥೆ ಮಾತ್ರ ಉದ್ದವಾಯಿತು.

ಮುಂದಿನ ವಸಂತದಲ್ಲಿ ಆ ಕಡೆ ಇದ್ದರೆ ಫೋಟೋ ಜೊತೆಗೆ ಒಂದು ನಡಿಗೆಗೂ ಹೆಸರು ಕೊಡಿ. ಗೈಡ್ ಹೂವಿನ ಹೆಸರು ಹೇಳಿದ ಮೇಲೆ, ಈ ಜಾಗವನ್ನ ಇದಕ್ಕೂ ಮುಂಚೆ ಯಾರು ನೋಡಿಕೊಳ್ತಿದ್ರು, ಅವರ ಮಕ್ಕಳು ಈಗ ಎಲ್ಲಿದ್ದಾರೆ ಅಂತ ಕೇಳಿ. ಒಳ್ಳೆ ಗೈಡ್ ಆದರೆ ಅದಕ್ಕೂ ಉತ್ತರ ಇರುತ್ತೆ. ಜೊತೆಗಿರೋ ಮಕ್ಕಳೂ ಕೇಳಿಸಿಕೊಳ್ಳಲಿ.