ಜೀವಕೋಶದಲ್ಲಿ ದೋಷಯುಕ್ತ ಪ್ರೋಟೀನುಗಳ ವಿಲೇವಾರಿ ಮತ್ತು ಗೌಚರ್ ಕಾಯಿಲೆ: ಸಾರ್ವಜನಿಕರಿಗೆ ಮಾಹಿತಿ

ಅಪರೂಪದ ಕಾಯಿಲೆಗಳ ಚಿಕಿತ್ಸೆಗೆ ನೆರವು ಕೋರುವ ಆಗುಂಬೆ ಹಾಗೂ ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ನಾಗರಿಕರ ಅನುಕೂಲಕ್ಕಾಗಿ ಈ ಕೆಳಕಂಡ ವಿವರಗಳನ್ನು ನೀಡಲಾಗಿದೆ.

1. ಜೀವಕೋಶದ ವ್ಯವಸ್ಥೆ
ಉಪಯೋಗ ಮುಗಿದ ಅಥವಾ ಸರಿಯಾಗಿ ಮಡಚಿಕೊಳ್ಳದ ಪ್ರೋಟೀನುಗಳಿಗೆ ಜೀವಕೋಶವು ಯುಬಿಕ್ವಿಟಿನ್ ಎಂಬ ಚಿಕ್ಕ ಪ್ರೋಟೀನನ್ನು ಗುರುತಾಗಿ ಜೋಡಿಸುತ್ತದೆ. ಗುರುತು ಬಿದ್ದವುಗಳನ್ನು ಪ್ರೋಟಿಯಾಸೋಮ್ ಎಂಬ ರಚನೆಯು ತುಂಡರಿಸುತ್ತದೆ. ಅವುಗಳ ಅಮೈನೋ ಆಮ್ಲಗಳು ಮರುಬಳಕೆಯಾಗುತ್ತವೆ. ಈ ವಿಧಾನವನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಲೈಸೋಸೋಮ್ ಎಂಬ ಚೀಲಗಳು ಕಿಣ್ವಗಳ ನೆರವಿನಿಂದ ಪ್ರೋಟೀನು, ಕೊಬ್ಬು ಮುಂತಾದವುಗಳನ್ನು ಜೀರ್ಣಿಸುತ್ತವೆ.

2. ಕಾಯಿಲೆಯ ಕಾರಣ
ಲೈಸೋಸೋಮಿನ ಕಿಣ್ವಗಳೂ ಪ್ರೋಟೀನುಗಳೇ. ಗೌಚರ್ ಕಾಯಿಲೆಯಲ್ಲಿ ವಂಶವಾಹಿಯ ದೋಷದಿಂದ ಗ್ಲೂಕೋಸೆರೆಬ್ರೊಸಿಡೇಸ್ ಎಂಬ ಕಿಣ್ವವು ಅನೇಕ ರೋಗಿಗಳಲ್ಲಿ ಸರಿಯಾಗಿ ಮಡಚಿಕೊಳ್ಳುವುದಿಲ್ಲ. ಕೋಶವು ಅದನ್ನು ದೋಷಯುಕ್ತವೆಂದು ಪರಿಗಣಿಸಿ, ಲೈಸೋಸೋಮ್ ತಲುಪುವ ಮೊದಲೇ ನಾಶಪಡಿಸುತ್ತದೆ. ಪರಿಣಾಮವಾಗಿ ಒಂದು ಬಗೆಯ ಕೊಬ್ಬು ಕರಗದೆ ಗುಲ್ಮ, ಯಕೃತ್ತು ಮತ್ತು ಅಸ್ಥಿಮಜ್ಜೆಯಲ್ಲಿ ಶೇಖರವಾಗುತ್ತದೆ.

3. ಲಕ್ಷಣಗಳು
ಹೊಟ್ಟೆ ಉಬ್ಬುವುದು, ರಕ್ತಹೀನತೆ, ಸುಲಭವಾಗಿ ರಕ್ತಸ್ರಾವವಾಗುವುದು, ಮೂಳೆ ನೋವು, ಬೆಳವಣಿಗೆ ಕುಂಠಿತವಾಗುವುದು. ಗುಲ್ಮ ದೊಡ್ಡದಾಗಲು ಬೇರೆ ಕಾರಣಗಳೂ ಇರುವುದರಿಂದ ರಕ್ತದಲ್ಲಿ ಕಿಣ್ವದ ಪರೀಕ್ಷೆ ಅವಶ್ಯಕ. ತಂದೆ ತಾಯಿ ಇಬ್ಬರೂ ದೋಷದ ವಾಹಕರಾಗಿದ್ದಲ್ಲಿ ಪ್ರತಿ ಗರ್ಭಧಾರಣೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ಶೇ. 25. ಸೋದರಮಾವ ಅಥವಾ ಸೋದರತ್ತೆಯ ಮಕ್ಕಳಂತಹ ರಕ್ತಸಂಬಂಧಿಗಳೊಳಗಿನ ವಿವಾಹದಲ್ಲಿ ಇಬ್ಬರೂ ವಾಹಕರಾಗಿರುವ ಸಾಧ್ಯತೆ ಹೆಚ್ಚು.

4. ಚಿಕಿತ್ಸೆ ಮತ್ತು ನೆರವು
ಕೊರತೆಯಿರುವ ಕಿಣ್ವವನ್ನು ಸಾಮಾನ್ಯವಾಗಿ ಎರಡು ವಾರಗಳಿಗೊಮ್ಮೆ ರಕ್ತನಾಳದ ಮೂಲಕ ನೀಡಲಾಗುತ್ತದೆ. ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ, 2021ರ ಅಡಿಯಲ್ಲಿ ಆರ್ಥಿಕ ನೆರವಿನ ಮಿತಿಯನ್ನು 2022ರಲ್ಲಿ 50 ಲಕ್ಷ ರೂಪಾಯಿಗಳಿಗೆ ಹೆಚ್ಚಿಸಲಾಯಿತು.

5. ಅನುಸರಿಸಬೇಕಾದ ಕ್ರಮ
(ಅ) ಮೊದಲು ತೀರ್ಥಹಳ್ಳಿ ತಾಲ್ಲೂಕು ಆಸ್ಪತ್ರೆ ಅಥವಾ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಯ ಮಕ್ಕಳ ತಜ್ಞರನ್ನು ಕಾಣುವುದು.
(ಆ) ಕಾಯಿಲೆಯ ಸಂಶಯವಿದ್ದಲ್ಲಿ ವೈದ್ಯರ ಪತ್ರ ಹಾಗೂ ಹಿಂದಿನ ಎಲ್ಲಾ ವರದಿಗಳೊಂದಿಗೆ ಬೆಂಗಳೂರಿನ ಉತ್ಕೃಷ್ಟತಾ ಕೇಂದ್ರವನ್ನು, ಅಂದರೆ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯನ್ನು ಸಂಪರ್ಕಿಸುವುದು. ರೋಗಿಯ ತಪಾಸಣೆ ಹಾಗೂ ನೆರವಿನ ಪರಿಶೀಲನೆ ಅಲ್ಲಿಯೇ ನಡೆಯುತ್ತದೆ.
(ಇ) ಚಿಕಿತ್ಸೆಯು ಜೀವನಪರ್ಯಂತದ್ದು. ಆದುದರಿಂದ ಮಿತಿ ಮುಗಿದ ನಂತರದ ವ್ಯವಸ್ಥೆಯ ಬಗ್ಗೆ ಆರಂಭದಲ್ಲಿಯೇ ವಿಚಾರಿಸತಕ್ಕದ್ದು.

ಮೂಳೆಗಳಿಗೆ ಒಮ್ಮೆ ಆದ ಹಾನಿಯನ್ನು ಸಂಪೂರ್ಣವಾಗಿ ಸರಿಪಡಿಸುವುದು ಕಷ್ಟಸಾಧ್ಯ. ಆದ್ದರಿಂದ ಪೋಷಕರು ವಿಳಂಬ ಮಾಡದೆ ಮಗುವನ್ನು ತಪಾಸಣೆಗೆ ಒಳಪಡಿಸಬೇಕೆಂದು ಕೋರಲಾಗಿದೆ.